ಮಾನಪತ್ರದ ಆರನೆಯ ಸಾಲು

೧೯೩೮ ಜೂನ್ ೧೪, ಮಂಗಳವಾರ

ಸಂಜೆ ನಮ್ಮ ಕನ್ನಡ ಮಂಡಳಿಯ ಕಾರ್ಯದರ್ಶಿ ಬಾಳಕೃಷ್ಣರಾಯ ಬಂದಿದ್ದ. ನೀರು ಸೋರುವ ಕೊಡೆಯನ್ನು ತಂದು ನನ್ನ ಪುಸ್ತಕಗಳ ಪಕ್ಕದಲ್ಲೇ ಒರಗಿಸಿದ. ಅಲ್ಲಿಂದಲೇ ನನ್ನ ತಲೆ ಕೆಟ್ಟಿತು. ಅವನು ಗೊಣಗೊಣ ಮಾತಾಡುವವನು, ಏನೇ ಆದರೂ ಎರಡು ಸಲ ಹೇಳಿಸಬೇಕು. ಈಗೀಗ ಎಲ್ಲರೂ ಹೀಗೇ ಆಗಿದ್ದಾರೆ. ಬಾಯಿ ತೆರೆದು ಮಾತಾಡುವ ಪದ್ಧತಿಯೇ ಪುಣೆಯಿಂದ ಹೊರಟುಹೋಗಿದೆ.

ಎರಡನೆಯ ಸಲಕ್ಕೆ ತಿಳಿಯಿತು. ಪಂಢರಿನಾಥ ಊರು ಬಿಡುತ್ತಿದ್ದಾನೆ. ಅವನ ಮಗಳು ಇಂದೂನ ಮನೆ ಶಿರೂರಿನಲ್ಲಿದೆ, ಇನ್ನು ಅಲ್ಲೇ ಇರುತ್ತಾನಂತೆ. ಜುಲೈ ಮೂವತ್ತೊಂದಕ್ಕೆ ಮಂಡಳಿಯಿಂದ ಅವನಿಗೆ ಹಾರ, ಶಾಲು, ಮಾನಪತ್ರ.

"ಮಾನಪತ್ರ ನೀವೇ ಬರೀಬೇಕ್ರಿ ಮಾಸ್ತರ. ನಿಮ್ಮಷ್ಟು ಅವರನ್ನ ಬಲ್ಲವರು ಯಾರದಾರ?"

"ನಾವಿಬ್ಬರೂ ಮಾತಾಡಿ ಹದಿನಾಲ್ಕು ತಿಂಗಳಾತು. ಇಡೀ ಪೇಟೆಗೆ ಗೊತ್ತದ."

"ಬರೀಲಿಕ್ಕೆ ಮಾತು ಯಾಕ ಬೇಕ್ರಿ?" ಎಂದ.

ಒಪ್ಪಿಕೊಂಡೆ. ನಾನು ಒಲ್ಲೆನೆಂದರೆ ಇವನೇ ಬರೆಯುತ್ತಾನೆ, ಒಂದೊಂದು ಸಾಲಿಗೆ ಎರಡೆರಡು 'ಮಹೋದಯ' ತುರುಕುತ್ತಾನೆ. ಅಂಥ ಶಿಕ್ಷೆ ವೈರಿಗೂ ಬೇಡ.

ಜೂನ್ ೧೫, ಬುಧವಾರ

ಒಂದು ಸಲ ಎಲ್ಲವನ್ನೂ ಬರೆದುಬಿಟ್ಟರೆ ತಲೆ ಹಗುರಾದೀತೆಂದು ಬರೆಯುತ್ತಿದ್ದೇನೆ.

ಇಪ್ಪತ್ತೆರಡು ವರ್ಷ ಪಂಢರಿಯೂ ನಾನೂ ಕೂಡಿ ಮಾನಪತ್ರ ಮಾಡಿದೆವು. ನಾನು ಶಾಲೆಯಲ್ಲಿ ಗಣಿತ ಕಲಿಸುವವನು, ಆದರೂ ವಾಕ್ಯಗಳು ನನ್ನವು. ಅವನು ನಕಾಶೆ ತೆಗೆಯುವ ಕಚೇರಿಯಲ್ಲಿದ್ದವನು, ಅಕ್ಷರಗಳು ಅವನವು. ಬಿದಿರಿನ ಲೇಖನಿಯಾದ ಬೊರು ಮಸಿಯಲ್ಲಿ ಅದ್ದಿ ಅವನು ಬರೆದ 'ಶ್ರೀ'ಕಾರ ನೋಡಲೆಂದೇ ಜನ ಚೌಕಟ್ಟಿನ ಮುಂದೆ ನಿಲ್ಲುತ್ತಿದ್ದರು. ನನ್ನ ಮಾನಪತ್ರಕ್ಕೆ ಒಂಬತ್ತು ಸಾಲು. ಮೊದಲನೆಯದು ಹುಟ್ಟಿದ ಊರು, ಒಂಬತ್ತನೆಯದು ಆಯುರಾರೋಗ್ಯ. ಆರನೆಯದು ಸ್ನೇಹ, ಅದು ಎಂದೂ ಬದಲಾಗಿಲ್ಲ: 'ಗೆಳೆಯರ ಕಷ್ಟಕಾಲದಲ್ಲಿ ತಾವು ಎಂದೂ ಮುಖ ತಿರುವಿದವರಲ್ಲ.' ನಲವತ್ತು ಜನರ ಮನೆಯ ಗೋಡೆಯ ಮೇಲೆ ಈ ಸಾಲು ಇದೆ. ನಲವತ್ತೊಂದನೆಯವರ ಗೋಡೆಯ ಮೇಲೆ ಇಲ್ಲ.

ಅವರು ರಾವಸಾಹೇಬ ಏಕನಾಥರು. ಹೋದ ವರ್ಷ ಏಪ್ರಿಲ್ಲಿನಲ್ಲಿ ಅವರ ಸತ್ಕಾರ. ನಾನು ನನ್ನ ಪ್ರತಿಯಿಂದ ಓದುತ್ತಿದ್ದೆ. ಅವರು ಕನ್ನಡಕ ಏರಿಸಿಕೊಂಡು ಚೌಕಟ್ಟಿನ ಮೇಲೆ ಬೆರಳಾಡಿಸುತ್ತ ಕೇಳುತ್ತಿದ್ದರು. ಆರನೆಯ ಸಾಲಿಗೆ ಬೆರಳು ನಿಂತಿತು. "ಮಾಸ್ತರ, ಈ ಮಾತು ಇದರಾಗ ಎಲ್ಲದ?" ಎಂದರು. ಸಭೆ ಘೊಳ್ಳೆಂದು ನಕ್ಕಿತು. ಪಂಢರಿ ಆ ಸಾಲನ್ನೇ ಬಿಟ್ಟಿದ್ದ.

ಮರುದಿನ ಅವನ ಮನೆಗೆ ಹೋಗಿ ಕೇಳಿದೆ. ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಗೋಡೆ ನೋಡುತ್ತ ಹೇಳಿದ:

"ಅದು ಸುಳ್ಳು. ಅದಕ್ಕ ಬಿಟ್ಟೆ."

"ಹಂಗಾದ್ರ ಉಳಿದ ನಲವತ್ತು?"

"ಅವೂ ಸುಳ್ಳಽ."

ಇಪ್ಪತ್ತೆರಡು ವರ್ಷ ಜೊತೆಗೆ ಕೂತು ಉಂಡ ಗಂಗಾಳಕ್ಕೇ ಕಲ್ಲು ಹಾಕಿದ. ಅಂದಿನಿಂದ ನಾನು ಮಾತು ಬಿಟ್ಟೆ. ಅವನೂ ಬಿಟ್ಟ.

ಬರೆದದ್ದರಿಂದ ತಲೆಯೇನೂ ಹಗುರಾಗಲಿಲ್ಲ.

ಜೂನ್ ೧೭, ಶುಕ್ರವಾರ

ಬೆಳಿಗ್ಗೆ ಎಂದಿನಂತೆ ಪರ್ವತಿ ಗುಡ್ಡ ಹತ್ತಿದೆ. ಎಂದಿನಂತೆ ಅವನೂ ಬಂದಿದ್ದ. ಮಾತು ಬಿಟ್ಟಿದ್ದೇವೆಯೇ ಹೊರತು ಆರು ಗಂಟೆಯ ಹೊತ್ತನ್ನು ಇಬ್ಬರೂ ಬಿಟ್ಟಿಲ್ಲ. ಬಿಟ್ಟವನು ಸೋತಂತೆ. ಮೆಟ್ಟಿಲ ಬಲಗಡೆಗೆ ನಾನು, ಎಡಗಡೆಯ ಕಟ್ಟೆ ಹಿಡಿದುಕೊಂಡು ಅವನು.

ಈಚೆಗೆ ಅವನ ತುಟಿಗಳು ಅಲ್ಲಾಡುತ್ತಿರುತ್ತವೆ. ಜಪ. ಮೂವತ್ತು ವರ್ಷ ಜಪಮಾಲೆ ಹಿಡಿದವರನ್ನೆಲ್ಲ ಚೇಷ್ಟೆ ಮಾಡಿದವನು ಈಗ ಮೆಟ್ಟಿಲಿಗೊಂದು ನಾಮ ಹೇಳುತ್ತಾನೆ. ಎರಡು ವರ್ಷ ಇನ್ನೂ ಇರುವಾಗಲೇ ಕಚೇರಿ ಬಿಟ್ಟು ಮನೆಯಲ್ಲಿ ಕೂತನಲ್ಲ, ಆಗಲೇ ನನಗೆ ಗೊತ್ತಾಗಬೇಕಿತ್ತು. ಸುಖ ಹೆಚ್ಚಾದರೆ ಮನುಷ್ಯನಿಗೆ ಭಕ್ತಿ ಬರುತ್ತದೆ.

ಇಳಿದು ಬರುವಾಗ ಒಬ್ಬ ಸೈಕಲ್ಲಿನವನು ಹಿಂದಿನಿಂದ ಬಂದು ನನ್ನ ಮೊಣಕೈಗೆ ಬಡಿದ. ಗಂಟೆ ಬಾರಿಸಲಿಲ್ಲ. ಮೇಲಿಂದ ನನಗೇ ಮರಾಠಿಯಲ್ಲಿ ಬೈದ. ಈ ಊರಲ್ಲಿ ಸೈಕಲ್ಲುಗಳಿಗೆ ಗಂಟೆ ಯಾಕೆ ಕೂಡಿಸುತ್ತಾರೋ ತಿಳಿಯದು.

ಜೂನ್ ೨೨, ಬುಧವಾರ

ಪಾಲಖಿ ಬಂದಿದೆ. ಪಂಢರಪುರಕ್ಕೆ ನಡೆಯುವ ವಾರಕರಿಗಳಿಂದ ರಸ್ತೆಯೆಲ್ಲ ತುಂಬಿತ್ತು. ಅಂಬಕ್ಕ ದರ್ಶನ ಬೇಕೆಂದಳು, ಕರೆದುಕೊಂಡು ಹೋದೆ. ಅಕ್ಕ ಒಬ್ಬಳೇ ಈ ಮನೆಯಲ್ಲಿ ಸ್ಪಷ್ಟವಾಗಿ ಮಾತಾಡುವವಳು. ನಾವು ಜಗಳವಾಡುತ್ತಿದ್ದೇವೆಂದು ಮೇಲಿನ ಮನೆಯವರು ತಿಳಿಯುತ್ತಾರೆ.

ಗುಂಪಿನಲ್ಲಿ ಪಂಢರಿ ಎದುರಿಗೇ ಬಂದ. ನಡುವೆ ನಾಲ್ಕು ಹೆಜ್ಜೆಯಷ್ಟೇ. ಮುಖ ಇಳಿದಿತ್ತು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ನೋಡಿ ನನಗೆ ಏನೋ ಆಯಿತು. ಸಿಟ್ಟು ಸಾಕು, ಊರು ಬಿಡುತ್ತಾನೆ, ಒಂದು ಮಾತಾಡಿಬಿಡೋಣವೆಂದು ಕೈ ಎತ್ತಿದೆ. ಅವನು ನೆಟ್ಟಗೆ ನನ್ನ ಮುಖ ನೋಡಿದ. ನೋಡಿಯೂ, ನನ್ನ ಜಾಗದಲ್ಲಿ ಯಾರೂ ಇಲ್ಲವೆಂಬಂತೆ ದಾಟಿ ಹೋದ.

ಎತ್ತಿದ ಕೈಯನ್ನು ಟೊಪ್ಪಿಗೆಗೆ ಮುಟ್ಟಿಸಿ ಇಳಿಸಿದೆ. ಅಕ್ಕ ನೋಡಿಬಿಟ್ಟಳು.

"ಅವ್ಗೇನಾಗೇದೋ ಮಾರ್ತಾಂಡ? ಹಂಗ್ಯಾಕ ಹೋದ?"

"ಸೊಕ್ಕು," ಎಂದೆ.

ಈಗಲೂ ಮೈ ಉರಿಯುತ್ತಿದೆ.

ಜೂನ್ ೨೬, ರವಿವಾರ

ಮಾನಪತ್ರಕ್ಕೆ ಕೂತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಸಾಲೂ ನಿಲ್ಲಲಿಲ್ಲ. ನಲವತ್ತೊಂದು ಜನರಿಗೆ ಗಂಟೆಯೊಳಗೆ ಬರೆದವನು ನಾನು, ಅವರಲ್ಲಿ ಅರ್ಧ ಜನರ ಮುಖ ಕೂಡ ಗೊತ್ತಿರಲಿಲ್ಲ.

'ತಾವು ವಿದ್ಯೆಯ ಸಾಗರ.' ಅವನು ಮ್ಯಾಟ್ರಿಕ್ಕಿನಲ್ಲಿ ಎರಡು ಸಲ ಬಿದ್ದವನು. 'ತಾವು ಮಿತಭಾಷಿ.' ಸೀಟಿ ಹಾಕುವುದು ಮಾತಲ್ಲವೆಂದಾದರೆ ಹೌದು. 'ತಾವು ಮೃದುಸ್ವಭಾವದವರು.' ನನ್ನ ಶೇಂಗಾ ತಿನ್ನುವಾಗ ಮಾತ್ರ. ಯಾವ ಅಂಗಿ ತೊಡಿಸಿದರೂ ಈ ಮನುಷ್ಯನಿಗೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲು.

ನನಗೆ ಅವನ ಬಗ್ಗೆ ಗೊತ್ತಿರುವುದು ಬೇರೆಯೇ. ಜ್ವರದ ವರ್ಷ, ಹದಿನೆಂಟನೆಯ ಇಸವಿಯಲ್ಲಿ, ನನ್ನ ಹೆಂಡತಿ ಶಾಮಲಾ ಎರಡೇ ದಿನದಲ್ಲಿ ಹೋದಳು. ಮದುವೆಯಾಗಿ ಏಳು ವರ್ಷ. ಸೋಂಕಿಗೆ ಹೆದರಿ ಮನೆಯ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಪಂಢರಿ ದಿನಾ ಬೆಳಿಗ್ಗೆ ಬಂದು ನಮ್ಮ ಹೊಸ್ತಿಲ ಮೇಲೆ ಕೂತ. ಹದಿಮೂರು ದಿನ. ಸಮಾಧಾನ ಹೇಳಲಿಲ್ಲ, ಗೀತೆ ಓದಲಿಲ್ಲ, ಅಡಿಕೆ ಕತ್ತರಿಸುತ್ತ ಕೂತ. ಹದಿನಾಲ್ಕನೆಯ ದಿನ "ನಡಿ, ಪರ್ವತಿಗೆ ಹೋಗೂಣು" ಎಂದ. ಅಂದಿನಿಂದ ಆ ಆರು ಗಂಟೆಯ ನಡಿಗೆ.

ಇದನ್ನು ಮಾನಪತ್ರದಲ್ಲಿ ಹೇಗೆ ಹಾಕುವುದು? 'ತಾವು ಹದಿಮೂರು ದಿನ ಸುಮ್ಮನೆ ಕೂತಿರಿ' ಎಂದು ಯಾರಾದರೂ ಚೌಕಟ್ಟು ಹಾಕಿಸುತ್ತಾರೆಯೇ?

ಹಾಳೆ ಹರಿದು ಹಾಕಿದೆ.

ಜುಲೈ ೧, ಶುಕ್ರವಾರ

ಹೆಡ್ ಮಾಸ್ತರು ವರಾಂಡದಲ್ಲಿ ನಿಲ್ಲಿಸಿ ಏನೋ ಗೊಣಗಿದರು. ತಲೆ ಆಡಿಸಿದೆ. ಮಧ್ಯಾಹ್ನ ನೋಡಿದರೆ ಮೂರನೆಯ ಇಯತ್ತೆಯ ಡ್ರಿಲ್ಲನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಐವತ್ತೈದನೆಯ ವಯಸ್ಸಿಗೆ ಡ್ರಿಲ್ಲು.

ಜುಲೈ ೩, ರವಿವಾರ

ಈ ಪುಟವನ್ನು ಎರಡು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ. ಸಿಟ್ಟಿನಿಂದ. ಬರೇ ಸಿಟ್ಟೋ ಇಲ್ಲವೋ ಹೇಳಲಾರೆ.

ಕುಶಲನ ಹೋಟೆಲ್ಲಿಗೆ ಹೋಗಿದ್ದೆ. ಮಂಗಳೂರಿನ ಕಡೆಯವನು, ಹತ್ತು ವರ್ಷದಿಂದ ಇಲ್ಲಿ ಹೋಟೆಲ್ಲು ಇಟ್ಟಿದ್ದಾನೆ. ಮೊದಲು ಪಂಢರಿಯೂ ನಾನೂ ಗುಡ್ಡದಿಂದ ಇಳಿದು ಅಲ್ಲೇ ಚಹಾ ಕುಡಿಯುತ್ತಿದ್ದೆವು. ಈಗ ಅವನು ಏಳಕ್ಕೆ ಹೋಗುತ್ತಾನೆ, ನಾನು ಎಂಟಕ್ಕೆ. ಮಾನಪತ್ರಕ್ಕೆ ಏನಾದರೂ ಸಿಕ್ಕೀತೆಂದು ಕುಶಲನನ್ನು ಕೇಳಿದೆ: ನಿನಗೆ ಪಂಢರಿನಾಥರಲ್ಲಿ ಕಂಡ ಒಳ್ಳೆಯ ಗುಣ ಯಾವುದು?

"ಗುಣ ಎಲ್ಲ ಇದೆ ಮಾಸ್ತರರೇ," ಎಂದ. "ಒಂದು ಕೆಟ್ಟ ಗುಣ ಉಂಟು. ಚಹಾ ಎಲ್ಲಿಟ್ಟೆ ಅಂತ ಕೇಳುವುದಿಲ್ಲ. ಮೇಜಿನ ಮೇಲೆ ಕೈಯಿಂದ ಹುಡುಕುತ್ತಾರೆ. ಎರಡು ಸಲ ಸುಟ್ಟುಕೊಂಡರು. ಈಗ ನಾನೇ ಕಪ್ಪಿನ ಕಿವಿ ಅವರ ಬೆರಳಿಗೆ ಮುಟ್ಟಿಸುತ್ತೇನೆ."

"ಯಾಕ ಹುಡುಕ್ತಾನ?"

ಅವನು ನನ್ನನ್ನೇ ನೋಡಿದ. "ಕಣ್ಣು ಕಾಣುವುದಿಲ್ಲವಲ್ಲ ಮಾರಾಯರೇ. ಎರಡು ವರ್ಷ ಆಯ್ತು, ಸ್ವಲ್ಪ ಸ್ವಲ್ಪವೇ ಹೋಯಿತು. ಡಾಕ್ಟರು ಇನ್ನು ಬರುವುದಿಲ್ಲ ಅಂದರಂತೆ. ನಿಮಗೆ ಗೊತ್ತಿಲ್ಲವಾ? ನಿಮಗೆ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿದ್ದರು. ನಾನು, ನಿಮಗೆ ಗೊತ್ತಿರುತ್ತದೆ, ಸುಮ್ಮನೆ ಮಾನಕ್ಕೆ ಹಾಗೆ ಹೇಳುತ್ತಾರೆ ಅಂತ ತಿಳಿದಿದ್ದೆ."

ಚಹಾ ಬಿಟ್ಟು ಎದ್ದು ಬಂದೆ.

ಕಚೇರಿ ಬಿಟ್ಟದ್ದು ಸುಖಕ್ಕಲ್ಲ. ಜಪವೂ ಜಪವಲ್ಲ, ಮೆಟ್ಟಿಲು ಎಣಿಸುತ್ತಾನೆ. ಪಾಲಖಿಯ ದಿನ ನಾನು ಅವನಿಗೆ ಕಾಣಲೇ ಇಲ್ಲ. ಮತ್ತು ಆ ಸಾಲು. ಸುಳ್ಳೆಂದು ಬಿಡಲಿಲ್ಲ ಅವನು. ಕಣ್ಣು ಐದನೆಯ ಸಾಲಿನಿಂದ ಜಾರಿ ಏಳನೆಯದಕ್ಕೆ ಹೋಗಿದೆ. ಹೇಳಲು ನಾಚಿಕೆಯಾಗಿ, ಬೇಕೆಂದೇ ಬಿಟ್ಟೆ ಎಂದ. ಕುರುಡನೆನ್ನಿಸಿಕೊಳ್ಳುವುದಕ್ಕಿಂತ ನೀಚನೆನ್ನಿಸಿಕೊಳ್ಳುವುದು ಲೇಸೆನ್ನಿಸಿತು ಆ ಹುಚ್ಚನಿಗೆ.

ಅದೂ ಯಾರ ಮುಂದೆ? ನನ್ನ ಮುಂದೆ. ಕುಶಲನಿಗೆ ಹೇಳಬಹುದು, ನನಗೆ ಹೇಳಬಾರದು. ಹದಿನಾಲ್ಕು ತಿಂಗಳು ಆ ಮೆಟ್ಟಿಲ ಮೇಲೆ ಅವನು ಕೈಯಿಂದ ಕಟ್ಟೆ ತಡಕುತ್ತ ಹತ್ತಿದ, ನಾನು ಬಲಗಡೆಯಿಂದ ಗರ್ವದಿಂದ ಹತ್ತಿದೆ. ಅವನಿಗೆ ಬುದ್ಧಿ ಇಲ್ಲ. ನನಗೂ ಕಣ್ಣಿರಲಿಲ್ಲ ಎಂದು ಅಂಬಕ್ಕ ಹೇಳುತ್ತಾಳೆ. ಅವಳನ್ನು ಯಾರೂ ಕೇಳಿರಲಿಲ್ಲ.

ಜುಲೈ ೬, ಬುಧವಾರ

ಹೋದೆ. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದೆ. ಹತ್ತು ಸಂಸಾರಗಳ ವಾಡೆಯಲ್ಲಿ ಅವನ ಬಾಗಿಲ ಮುಂದೆ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ದನಿ ಬಂತು.

"ಬಲಗಡೆ ಬಿಡು ಮಾರ್ತಾಂಡ. ಎಡಗಡೆ ಸೋರತದ."

ನಿನ್ನೆ ತಾನೇ ಎದ್ದು ಹೋಗಿದ್ದವನ ಸಂಗಡ ಮಾತಾಡಿದ ಹಾಗೆ. ನನ್ನ ಸಿದ್ಧತೆಯೆಲ್ಲ ಹೊಳೆಪಾಲಾಯಿತು.

ಕೂತೆ. ಕಣ್ಣಿನ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: ಮಂಡಳಿಗೆ ಒಂದು ಮಾನಪತ್ರ ಬೇಕಾಗಿದೆ, ಅಕ್ಷರ ಬರೆಯುವವರು ಸಿಗುತ್ತಿಲ್ಲ, ಛಾಪಿಸುವುದು ನನಗೆ ಸೇರುವುದಿಲ್ಲ, ನನಗೇ ಕಲಿಸು.

"ನಿನ್ನ ಅಕ್ಷರಾ?" ಎಂದ. "ಕೋಳಿ ಕೆದರಿಧಂಗ ಇರತಾವ. ಯಾರದು ಮಾನಪತ್ರ?"

"ಅದಾರ ಯಾರೋ ಒಬ್ಬ ರಾವಸಾಹೇಬರು."

ಬಾಯೊಳಗಿನ ಅಡಿಕೆ ಅಗಿದು ಮುಗಿಸಿದ. ಆಮೇಲೆ ಎದ್ದು, ಕೈ ಹಾಕಿದಲ್ಲೇ ಬೊರುಗಳ ಡಬ್ಬಿ ತೆಗೆದ. ತನ್ನ ಮನೆಯಲ್ಲಿ ಅವನು ನನಗಿಂತ ಚೆನ್ನಾಗಿ ನಡೆದಾಡುತ್ತಾನೆ.

ಜುಲೈ ೧೦, ರವಿವಾರ

ಮೂರು ದಿನದಿಂದ ಬರೇ ಗೆರೆ. ಅಡ್ಡ ಗೆರೆ, ಉದ್ದ ಗೆರೆ, ಬಟ್ಟಲಿನಂಥ ತಿರುವು. ಈ ವಯಸ್ಸಿಗೆ ಕೈ ಮಸಿ ಮಾಡಿಕೊಂಡು ಮನೆಗೆ ಬರುತ್ತಿದ್ದೇನೆ. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತು ತಪ್ಪು ಹಿಡಿಯುತ್ತಾನೆ.

"ಒತ್ತಬ್ಯಾಡ. ಬೊರು ಚೀರಲಿಕ್ಕೆ ಹತ್ತೇದ."

"ಮಸಿ ಮುಗದದ, ಅದ್ದು. ಒಣಾ ಸಪ್ಪಳ ಬರಲಿಕ್ಕೆ ಹತ್ತೇದ."

ಬೊರುವಿನಿಂದ ಸಪ್ಪಳವೇ ಬರುವುದಿಲ್ಲ. ನಾನು ಮೂಗು ಕಾಗದಕ್ಕೆ ಹಚ್ಚಿ ಬರೆಯುತ್ತಿದ್ದೇನೆ, ನನಗೆ ಏನೂ ಕೇಳಿಸಲಿಲ್ಲ. ಸುಮ್ಮನೆ ದೊಡ್ಡಸ್ತಿಕೆ ತೋರಿಸುತ್ತಾನೆ. ಆದರೆ ಪ್ರತಿ ಸಲವೂ ಮಸಿ ಮುಗಿದಿರುತ್ತದೆ.

ಜುಲೈ ೧೭, ರವಿವಾರ

ಇಂದು ಸಾಲುಗಳನ್ನು ಓದು ಎಂದ. ಬರೆದುಕೊಂಡು ಹೋದ ಒಂಬತ್ತನ್ನೂ ಓದಿದೆ. ಅವನಿಗೆ ಗುರುತು ಹತ್ತದಿರಲೆಂದು ಹೆಸರು ಬಿಟ್ಟು, ಊರು ಬದಲಿಸಿ ಓದಿದೆ.

"'ವಿದ್ಯೆಯ ಸಾಗರ' ತಗೀ," ಎಂದ.

"ಯಾಕ?"

"ಸಾಗರ ಇದ್ದವರು ಯಾರೂ ಇಲ್ಲ. ಭಾಳಾದ್ರ ಒಂದು ಭಾವಿ ಇರಬಹುದು."

ತೆಗೆದೆ. 'ದಾನಶೂರ' ಹೋಯಿತು. 'ಧರ್ಮಭೀರು' ಹೋಯಿತು. 'ಸಕಲಜನಾದರಣೀಯ' ಎಂದಾಗ ಅವನು ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು. ಇವು ಎಲ್ಲ ಸುಳ್ಳಾದರೆ ಇಪ್ಪತ್ತೆರಡು ವರ್ಷ ಯಾಕೆ ಬರೆದೆ ಎಂದು ಕೇಳಿದೆ.

"ಅಕ್ಷರ ಚಂದ ಬರತಿದ್ದವಲ್ಲ," ಎಂದ. "ನೀ ಯಾಕ ಬರದಿ?"

ನಾನು ಬೊರು ಮಸಿಯಲ್ಲಿ ಅದ್ದಿದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಚಪ್ಪಾಳೆ ರಾವಸಾಹೇಬರಿಗೆ, ಆದರೆ ನನ್ನ ವಾಕ್ಯಕ್ಕೆ. ಅದು ನನಗೆ ಸೇರುತ್ತಿತ್ತು.

ಕೊನೆಗೆ ತಡೆಯಲಾರದೆ, ಹರಿದು ಹಾಕಿದ್ದ ಆ ಹಾಳೆಯ ಮಾತು ಬಾಯಿಂದ ಬಂದುಹೋಯಿತು. "ಜ್ವರದ ವರ್ಷ ಒಬ್ಬ ಗೆಳೆಯನ ಹೊಸ್ತಿಲ ಮೇಲೆ ಹದಿಮೂರು ದಿನ ಮಾತಿಲ್ಲದೆ ಕೂತರು."

ಅವನು ನಗಲಿಲ್ಲ. ಡಬ್ಬಿಯೊಳಗಿನ ಬೊರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಇದು ಇರಲಿ," ಎಂದ.

ಜುಲೈ ೨೪, ರವಿವಾರ

ನಿಜವಾದ ಕಾಗದದ ಮೇಲೆ ಬರೆದೆ. ಒಂಬತ್ತು ಗೆರೆ ಎಳೆದಿದ್ದೇವೆ. ಐದು ತುಂಬಿದವು. ಆರನೆಯದಕ್ಕೆ ಬಂದಾಗ ಹೇಳಿದೆ:

"ಇಲ್ಲೆ ನಂದು ಯಾವಾಗಲೂ ಬರೂ ಸಾಲು. ಗೆಳೆಯರ ಕಷ್ಟಕಾಲದಲ್ಲಿ ಮುಖ ತಿರುವಿದವರಲ್ಲ. ಈ ಸಲ ಇದು ಸುಳ್ಳಲ್ಲ."

"ಬ್ಯಾಡ."

"ಯಾಕ ಬ್ಯಾಡ? ಹದಿಮೂರು ದಿನ—"

"ಅದು ಗೆಳ್ಯಾನ ಕಷ್ಟ. ಅವ ಕೂತ, ಸರಿ. ತನ್ನ ಕಷ್ಟ ಬಂದಾಗ ಈ ನಿಮ್ಮ ರಾವಸಾಹೇಬ ಏನು ಮಾಡಿದಾ? ಗೆಳ್ಯಾಗ ಹೇಳಿದನೇನು?"

ನಾನು ಬೊರುವಿನ ತುದಿ ಒರೆಸಿದೆ.

"ಹೇಳಲಿಲ್ಲ," ಎಂದ ಪಂಢರಿ. ನನ್ನ ಕಡೆ ತಿರುಗಿದ, ಆದರೆ ಅವನ ದೃಷ್ಟಿ ನನ್ನ ಭುಜದ ಆಚೆ ಎಲ್ಲೋ ಇತ್ತು. "ಮುಖ ತಿರವ್ಯಾನು ಅಂತ ಅಂಜಿದ. ಇಲ್ಲಾ, ಅಯ್ಯೋ ಅಂದಾನು ಅಂತ ಅಂಜಿದ. ಅದಕ್ಕ ಮೊದಲ ತಾನಽ ಮುಖ ತಿರುವಿದ. ಗೆಳ್ಯಾಗ ಕೂಡಲಿಕ್ಕೆ ಹೊಸ್ತಲಽ ಕೊಡಲಿಲ್ಲ ಅವ. ಇಂಥವಂಗ ಆ ಸಾಲು ಹ್ಯಾಂಗ ಬರೀತಿ?"

ಬೊರು ಕೆಳಗಿಟ್ಟೆ. ಸಿಟ್ಟು ಬಂತು. ಹೇಳಿಬಿಟ್ಟೆ: "ಹೇಳಿದ್ರ ನಾ ಏನು ತಿಂದುಬಿಡತಿದ್ನೇನೋ ನಿನ್ನ?"

"ನಿಂದ್ಯಾಕ ಬಂತು ನಡುವ? ನಾವು ರಾವಸಾಹೇಬರ ಮಾತಾಡಲಿಕ್ಕೆ ಹತ್ತೇವಿ," ಎಂದು ಅಡಿಕೆ ಬಾಯಿಗೆ ಹಾಕಿಕೊಂಡ.

ಆರನೆಯ ಗೆರೆ ಖಾಲಿ ಬಿಟ್ಟೆವು. ಏಳನೆಯದರ ಮೇಲೆ ಕೊನೆಯ ಮಾತು ಬರೆದೆ, ಉಳಿದೆರಡು ಗೆರೆ ಅಳಿಸಿದೆ. ಸಾಲು ಬಲಕ್ಕೆ ಇಳಿದಿದೆ, ಗೆರೆಯಿದ್ದೂ ಇಳಿದಿದೆ. ಅದು ಹೇಗೆ ಸಾಧ್ಯವೋ ಗಣಿತದಲ್ಲಿ ಉತ್ತರವಿಲ್ಲ.

ಜುಲೈ ೩೧, ರವಿವಾರ

ಸತ್ಕಾರ ಮುಗಿಯಿತು. ಬಾಳಕೃಷ್ಣರಾಯ ಸ್ವಾಗತಕ್ಕೇ ಅರ್ಧ ಗಂಟೆ ತಿಂದ. ನನ್ನ ಸರದಿ ಬಂತು. ಎದ್ದು ನಿಂತು ಓದಿದೆ:

'ಪಂಢರಿನಾಥರು ಮೂವತ್ತೊಂದು ವರ್ಷ ಪುಣೆಯಲ್ಲಿದ್ದರು. ನಮ್ಮ ನಲವತ್ತೊಂದು ಮಾನಪತ್ರಗಳ ಅಕ್ಷರ ಅವರದು, ಅವುಗಳಲ್ಲಿ ನಿಜವಾಗಿದ್ದದ್ದು ಅಕ್ಷರವೊಂದೇ. ಜ್ವರದ ವರ್ಷ ಒಬ್ಬ ಗೆಳೆಯನ ಹೊಸ್ತಿಲ ಮೇಲೆ ಹದಿಮೂರು ದಿನ ಮಾತಿಲ್ಲದೆ ಕೂತರು. ಅವರು ಊರು ಬಿಡುವುದು ನಮಗೆ ಸೇರಿಲ್ಲ.'

ಕೂತೆ. ಇನ್ನೂ ಇದೆಯೆಂದು ಸಭೆ ಕಾಯುತ್ತಿತ್ತು. ಚಪ್ಪಾಳೆ ಬರಲಿಲ್ಲ, ಅಥವಾ ನನಗೆ ಗೊತ್ತಾಗಲಿಲ್ಲ. ಬಾಳಕೃಷ್ಣ ಹತ್ತಿರ ಬಂದು ಸಿಟ್ಟಿನಿಂದ ಏನೋ ಗೊಣಗಿದ. ಮುಂದಿನ ಸಾಲಿನಲ್ಲಿ ರಾವಸಾಹೇಬ ಏಕನಾಥರು ಎದ್ದು ಹೋದದ್ದು ಕಂಡಿತು.

ಪಂಢರಿ ನನ್ನ ತೋಳು ಹಿಡಿದು ಎಳೆದು ಇನ್ನೊಂದು ಪಕ್ಕಕ್ಕೆ ಕೂಡಿಸಿಕೊಂಡ.

"ಈ ಕಡೆ ಬಾ. ಆ ಕಿವಿಯಾಗ ಹೇಳಿದ್ರ ನಿನಗ ಮುಟ್ಟೂದಿಲ್ಲ."

"ಯಾವ ಕಿವಿ? ನನ್ನ ಕಿವಿಗೆ ಏನೂ ಆಗಿಲ್ಲ."

"ಹೌದಪಾ, ಏನೂ ಆಗಿಲ್ಲ," ಎಂದ. "ಮೂರು ವಾರದಿಂದ ನನ್ನ ಮನ್ಯಾಗ ಕೂತು ಚೀರತಿದ್ದಿ. ವಾಡೆಯವರೆಲ್ಲಾ ನಮ್ಮ ಮಾನಪತ್ರ ಬಾಯಿಪಾಠ ಮಾಡ್ಯಾರ. ಅದಿರಲಿ, ಚಲೋ ಆಗೇದ. ರಾವಸಾಹೇಬರಿಗೆ ಸೇರೇದಂತ ತಿಳಕೋ."

ನನ್ನ ಕಿವಿಗೆ ಏನೂ ಆಗಿಲ್ಲ. ಜನ ಗೊಣಗುತ್ತಾರೆ, ಅಷ್ಟೇ.

ಆಗಸ್ಟ್ ೨, ಮಂಗಳವಾರ

ಶಿರೂರಿನ ಸರ್ವಿಸ್ ಮೋಟಾರಿಗೆ ಅವನನ್ನು ಹತ್ತಿಸಿ ಬಂದೆ. ಇಂದೂ ಕರೆಯಲು ಬಂದಿದ್ದಳು. ಗಂಟುಗಳೆಲ್ಲ ಮೇಲೆ ಹೋದ ಮೇಲೆ ಪಂಢರಿ ಚೌಕಟ್ಟನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟ.

"ನೀ ಇಟಗೋ. ನನಗ ಓದಲಿಕ್ಕೆ ಬರೂದಿಲ್ಲ."

ಮೊದಲ ಸಲ, ಅದನ್ನು ಬಾಯಿಬಿಟ್ಟು ಹೇಳಿದ. ನಾನು, ಆರನೆಯ ಗೆರೆ ಖಾಲಿ ಉಳಿದಿದೆ, ಕೆಟ್ಟದಾಗಿ ಕಾಣುತ್ತದೆ ಎಂದೆ.

"ಇರಲಿ. ಯಾರರೆ ಆ ಸಾಲು ಗಳಿಸಿದ ಮ್ಯಾಲ ತುಂಬಿದ್ರಾತು," ಎಂದ. ಮೋಟಾರು ಹೊರಟಿತು. ಅವನು ಇನ್ನೂ ಏನೋ ಹೇಳುತ್ತಿದ್ದ. ಎಂಜಿನ್ನಿನ ಗದ್ದಲದಲ್ಲಿ ಯಾರಿಗೆ ಕೇಳಿಸೀತು.

ಆಗಸ್ಟ್ ೩, ಬುಧವಾರ

ಗುಡ್ಡಕ್ಕೆ ಹೋದೆ. ಎಡಗಡೆಯಿಂದ ಹತ್ತಿದೆ.

ಆಗಸ್ಟ್ ೨೧, ರವಿವಾರ

ಬಾಳಕೃಷ್ಣ ಮತ್ತೆ ಬಂದಿದ್ದ. ಯಾರೋ ವಕೀಲರಿಗೆ ಮಾನಪತ್ರ, ಮೊದಲಿನ ಹಾಗೇ ಇರಲಿ, ಆ ಸ್ನೇಹದ ಸಾಲು ತಪ್ಪದೆ ಬರಲಿ ಎಂದ. ಅವರ ಗೆಳೆಯರು ಯಾರು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಕಾಗದ ತೆಗೆದೆ, ಬೊರು ಅದ್ದಿದೆ, ಬರಲಿಲ್ಲ. ಹೊಟ್ಟೆನೋವೆಂದು ಹೇಳಿ ಕಳಿಸಿದೆ. ಹೊಟ್ಟೆ ನೋಯುತ್ತಿರಲಿಲ್ಲ. ಯಾಕೆ ಬರೆಯಲಾಗಲಿಲ್ಲವೋ, ಅಭ್ಯಾಸ ತಪ್ಪಿರಬೇಕು.

ಚೌಕಟ್ಟನ್ನು ಮೇಜಿನ ಎದುರು ತೂಗುಹಾಕಿದ್ದೇನೆ. ಎಷ್ಟು ಸಲ ನೆಟ್ಟಗೆ ಮಾಡಿದರೂ ಬಲಕ್ಕೆ ವಾಲಿದ ಹಾಗೆ ಕಾಣುತ್ತದೆ. ವಾಲಿರುವುದು ಚೌಕಟ್ಟಲ್ಲ, ನನ್ನ ಅಕ್ಷರ.

ಸೆಪ್ಟೆಂಬರ್ ೫, ಸೋಮವಾರ

ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಸರಿಯಾದ ಉತ್ತರ ಹೇಳಿದ್ದ. ಹೇಳಲೇ ಇಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಮತ್ತೆ ಹೇಳಿದ. ಮೂರನೆಯ ಸಲ ಹೇಳುವಾಗ ಕಣ್ಣಲ್ಲಿ ನೀರಿತ್ತು, ತುಟಿಗಳ ಚಲನೆಯಿಂದ ನನಗೆ ಉತ್ತರ ತಿಳಿಯಿತು. ಉಳಿದವರು ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದು ಅಕ್ಕನ ಗಡಿಯಾರವನ್ನು ಎಡಗಿವಿಗೆ ಹಿಡಿದೆ. ಆಮೇಲೆ ಬಲಗಿವಿಗೆ. ಗಡಿಯಾರ ನಿಂತಿದೆಯೆಂದು ಅಕ್ಕನಿಗೆ ಹೇಳಿದೆ. ನಿಂತಿರಲಿಲ್ಲ.

ಕಿವಿಯಿಲ್ಲದ ಮಾಸ್ತರನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಸೆಪ್ಟೆಂಬರ್ ೭, ಬುಧವಾರ

ಬೆಳಿಗ್ಗೆ ಒಂದು ಕಾರ್ಡು ಬರೆದೆ. ಇಂದೂ ಓದಿ ಹೇಳಬೇಕಾಗುತ್ತದೆ, ಅವಳ ಮುಂದೆ ಮಾನ ಹೋಗುತ್ತದೆ ಎಂದು ಎರಡು ದಿನ ತಡೆದಿದ್ದೆ. ಬರೆದದ್ದು ಇಷ್ಟೇ: 'ಪಂಢರಿ, ನನ್ನ ಎಡಗಿವಿ ಹೋಗಿ ಎರಡು ವರ್ಷದ ಮೇಲಾಯಿತು. ಬಲಗಿವಿಯೂ ಹೊರಟಿದೆ. ಶಾಲೆಯಲ್ಲಿ ಇನ್ನು ಮುಚ್ಚಿಡಲಾರೆ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.'

ಟಪಾಲು ಡಬ್ಬಿಗೆ ಹಾಕಿ ಬಂದ ಮೇಲೆ ವಾಪಸು ತೆಗೆಯಲು ಬಂದರೆ ತೆಗೆದುಬಿಡುತ್ತಿದ್ದೆ.

ಸೆಪ್ಟೆಂಬರ್ ೧೩, ಮಂಗಳವಾರ

ಉತ್ತರ ಬಂತು. ಅಕ್ಷರ ಇಂದೂನದು, ಮಾತು ಅವನದು:

'ಗುರುವಾರದ ಮೋಟಾರಿಗೆ ಬರತೀನಿ. ಇಂದೂ ಇಲ್ಲೆ ಹತ್ತಸ್ತಾಳ, ಅಲ್ಲೆ ನೀ ಇಳಿಸಿಕೋ. ನಾ ಕರದ್ರ ನಿನಗ ಕೇಳಸೂದಿಲ್ಲ, ನೀ ನಿಂತ್ರ ನನಗ ಕಾಣಸೂದಿಲ್ಲ. ಅದಕ್ಕ ನೀ ನನ್ನ ಕಂಡ ಕೂಡಲೆ ಜೋರಾಗಿ ಕರಿ. ಹದಿಮೂರು ದಿನ ಇರತೀನಿ. ಅಡಿಕಿ ತರಸಿಡು.'

ಹದಿಮೂರು ದಿನ ಅವನ ಬಾಯಿಗೆ ಅಡಿಕೆ ಎಷ್ಟು ಬೇಕೋ. ಅಕ್ಕ ಈಗಾಗಲೇ ಹೊಸ್ತಿಲು ಸಾರಿಸಲು ಶುರು ಮಾಡಿದ್ದಾಳೆ, ಇನ್ನೂ ಎರಡು ದಿನ ಇದೆಯೆಂದರೆ ಕೇಳುವುದಿಲ್ಲ.

ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಹಿಂದಿನ ಮೊಳೆ ತೆಗೆದು, ಆರನೆಯ ಗೆರೆ ಇನ್ನೂ ಖಾಲಿಯಿರುವ ಕಾಗದವನ್ನು ಮೇಜಿನ ಮೇಲೆ ಹರವಿದ್ದೇನೆ. ದೌತಿಯಲ್ಲಿ ಮಸಿ ಒಣಗಿತ್ತು. ನೀರು ಹಾಕಿ ಕಲಸಿಟ್ಟಿದ್ದೇನೆ.